ಅಪ್‌ಡೇಟ್: ತಮ್ಮನ 9 ಎಂಎಂ ಗುಂಡುಗಳಿಗೆ ಬದಲಿ ಮದ್ದು

ಟೆಕ್ಸಾಸ್‌ನಲ್ಲಿರುವ ನನ್ನ ತಮ್ಮ ತನ್ನ ಪಿಸ್ತೂಲಿನ ಗುಂಡುಗಳನ್ನು ತಾನೇ ರೀಲೋಡ್ ಮಾಡುತ್ತಾನೆಂದೂ (ಅಂದರೆ ಬಳಸಿದ ಖಾಲಿ ಕೇಸ್‌ಗಳಿಗೆ ಮತ್ತೆ ಮದ್ದು ತುಂಬಿ ಗುಂಡು ಕೂರಿಸುತ್ತಾನೆಂದೂ), ಅವನು ಬಳಸುತ್ತಿದ್ದ ವಿಂಚೆಸ್ಟರ್ 231 ಮದ್ದು ಸಿಗದಿರುವುದರಿಂದ ಟೈಟ್‌ಗ್ರೂಪ್ ಎಂಬ ಇನ್ನೊಂದು ಮದ್ದನ್ನು ಅದೇ ತೂಕದಲ್ಲಿ ಹಾಕಬಹುದೇ ಎಂದೂ ನಾನು ಪುಣೆಯಿಂದ ಕೇಳಿದ್ದೆ. ಖಂಡಿತ ಬೇಡವೆಂದು ಎಚ್ಚರಿಸಿದ ಎಲ್ಲರಿಗೂ ನಾನು ಋಣಿ. ಉರಿಯುವ ವೇಗದ ಪಟ್ಟಿಯಲ್ಲಿ ಎರಡು ಮದ್ದುಗಳು ಅಕ್ಕಪಕ್ಕದಲ್ಲಿದ್ದ ಮಾತ್ರಕ್ಕೆ ಒಂದರ ಅಳತೆ ಇನ್ನೊಂದಕ್ಕೆ ಸಲ್ಲುವುದಿಲ್ಲ. ಒತ್ತಡ ಮಿತಿಮೀರಿದರೆ ಪಿಸ್ತೂಲು ಕೈಯಲ್ಲೇ ಸಿಡಿಯಬಹುದು.

ಕೊನೆಗೆ ಅವನು ಕೊಂಡದ್ದು ಹಾಡ್ಜ್‌ಡನ್ ಕಂಪನಿಯ ಎಚ್‌ಪಿ-38. ಡಬ್ಬಿಯ ಮೇಲಿನ ಹೆಸರು ಬೇರೆಯಾದರೂ ಅದೂ 231 ಕೂಡ ಒಂದೇ ಮದ್ದು. ಆದರೂ ಹೊಸ ಡಬ್ಬಿಯೆಂಬ ಕಾರಣಕ್ಕೆ ಅವನು ಮ್ಯಾನುಯಲ್‌ನಲ್ಲಿರುವ ಆರಂಭಿಕ ಅಳತೆಯಿಂದಲೇ ಶುರುಮಾಡಿದ್ದು ನನಗೆ ತುಂಬ ಸಮಾಧಾನ ತಂದಿತು.

ಮೊನ್ನೆ ಭಾನುವಾರ ಕೋಥ್ರೂಡ್‌ನ ಮನೆಯಲ್ಲಿ ಅಮ್ಮನೂ ನಾನೂ ವಿಡಿಯೋ ಕರೆಯಲ್ಲಿ ನೋಡುತ್ತಿದ್ದಂತೆ, ಅವನು ಐವತ್ತು ಹಿತ್ತಾಳೆಯ ಕೇಸ್‌ಗಳನ್ನು ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಒಂದೊಂದರೊಳಕ್ಕೂ ಟಾರ್ಚ್ ಬಿಟ್ಟು, ಎಲ್ಲಿಯೂ ಮದ್ದು ಎರಡು ಸಲ ಬಿದ್ದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಗುಂಡು ಕೂರಿಸಿದ. ಟೈಟ್‌ಗ್ರೂಪ್ ಕಡಿಮೆ ಜಾಗ ಹಿಡಿಯುವ ಮದ್ದಾದ್ದರಿಂದ, ದುಪ್ಪಟ್ಟು ಬಿದ್ದರೂ ಹೊರಚೆಲ್ಲದೆ ಕಣ್ತಪ್ಪುವ ಅಪಾಯ ಅದರಲ್ಲಿ ಇನ್ನೂ ಹೆಚ್ಚಂತೆ.

ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧವಾದ್ದರಿಂದ, ಈ ವಿವರವೆಲ್ಲ ಅವನ ಊರಿಗೆ ಮಾತ್ರ ಸಂಬಂಧಿಸಿದ್ದು.