ನಕ್ಷತ್ರ ಕಟ್ಟುತ್ತಾ ಆಡಿದ ಮಾತು

ಮಗ ಮನೆಯಲ್ಲಿ ಕನ್ನಡ ಮಾತಾಡುವುದಿಲ್ಲ, ಈಗಂತೂ ಬರೀ ಕ್ರಿಸ್‌ಮಸ್ ಗುಂಗು, ಏನು ಮಾಡಲಿ ಅಂತ ಫೋಂಡಾದ ಅಕ್ಕ ಒಬ್ಬರು ಕೇಳಿದ್ದೀರಿ. ನಾವು ಹಾವೇರಿ ಕಡೆಯವರು, ಗೋವಾದ ಮಡಗಾಂವಿಗೆ ಬಂದು ಆರು ವರ್ಷ. ಅಕ್ಕ, ಆ ಗುಂಗಿನ ಜೊತೆಗೇ ಕೂತು ನೋಡಿ. ನಮ್ಮ ಮಗಳ ಬಾಯಲ್ಲಿ ಕನ್ನಡ ಬಂದದ್ದು ಹಾಗೇ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲವನ್ನು ಕ್ರೈಸ್ತರು ಆಗಮನ ಕಾಲ ಅಂತಾರೆ. ಇಲ್ಲಿ ಮನೆ ಮನೆಗೂ ನಕ್ಷತ್ರ ತೂಗುಹಾಕುತ್ತಾರೆ. ಅಂಗಡಿಯಲ್ಲಿ ರೆಡಿ ಸಿಗುತ್ತದೆ. ಆದರೆ ನಮ್ಮ ಕೆಳಮನೆಯ ಆಂಟಿ ಕೈಯಲ್ಲೇ ಕಟ್ಟುತ್ತಾರೆ, ಮಗಳಿಗೂ ಕಲಿಸಿದರು. ಐದು ಬಿದಿರು ಕಡ್ಡಿಗೆ ಒಂದು ನಕ್ಷತ್ರ, ಅಂಥವು ಎರಡು. ಎರಡರ ತುದಿಗಳನ್ನೂ ಸೇರಿಸಿ ದಾರದಲ್ಲಿ ಕಟ್ಟಬೇಕು. ನಡುವೆ ಐದು ಗಿಡ್ಡ ಕಡ್ಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬುತ್ತದೆ. ಮೇಲೆ ಗಾಳಿಪಟದ ಕಾಗದ, ಮೈದಾ ಅಂಟು. ನಮ್ಮ ದೀಪಾವಳಿಯ ಆಕಾಶಬುಟ್ಟಿಯ ಕೆಲಸವೇ ಅಲ್ವಾ!

ಮನೆಗೆ ಬಂದು ಇನ್ನೊಂದು ಕಟ್ಟಲು ಕೂತೆವು. ನಾನು ಹಿಡಿಯುವುದು, ಅವಳು ಕಟ್ಟುವುದು. "ಬಿಗಿಯಾಗಿ ಎಳಿ, ಸಡಿಲ ಬಿಡಬೇಡ. ಅಂಚು ಮಡಚು. ಅಲ್ಲಿ ಸುಕ್ಕಾಯ್ತು ನೋಡು." ಬಿಗಿ, ಸಡಿಲ, ಅಂಚು, ಸುಕ್ಕು. ಇವು ಅವಳಿಗೆ ಹೊಸ ಮಾತುಗಳು. ಊಟ, ಸ್ನಾನ, ಹೋಂವರ್ಕ್ ಬಿಟ್ಟರೆ ನಾನು ಅವಳ ಜೊತೆ ಬೇರೆ ಮಾತೇ ಆಡಿರಲಿಲ್ಲ ಅಂತ ಆಗ ಗೊತ್ತಾಯಿತು. ಸ್ವಲ್ಪ ಹೊತ್ತಿಗೆ ಅವಳೇ "ಅಮ್ಮ, ನೀನು ಸಡಿಲ ಹಿಡಿದಿದ್ದೀಯ" ಅಂದಳು. ಎಷ್ಟು ಖುಷಿಯಾಯಿತು ಗೊತ್ತಾ?

ಗೋದಲಿಗೂ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೂ, ಕೈಕೆಲಸ ಜಾಸ್ತಿ. ಇಲ್ಲಿನವರು ರಾಗಿ ನೆನೆಸಿ ಮಣ್ಣಿನ ಮೇಲೆ ಚೆಲ್ಲುತ್ತಾರೆ. ಎಂಟು ಹತ್ತು ದಿನಕ್ಕೆ ಹಸಿರು ಹುಲ್ಲು ಬರುತ್ತದೆ, ಅದೇ ಗೋದಲಿಯ ಗದ್ದೆ. ನವರಾತ್ರಿಯಲ್ಲಿ ಅಜ್ಜಿ ಘಟ ಕೂರಿಸಿ ಕಾಳು ಹಾಕುವುದನ್ನು ಆಂಟಿಗೆ ಮಗಳೇ ವಿವರಿಸಿದಳು, ಕೊಂಕಣಿಯಲ್ಲಿ. ನಾನು ಸುಮ್ನೆ ಕೇಳುತ್ತಾ ನಿಂತೆ.

ಭಾನುವಾರ ಸಂಜೆ ಆಂಟಿ ಮನೆಯಲ್ಲಿ ಹಸಿರೆಲೆಯ ಚಕ್ರದಲ್ಲಿ ಮೊಂಬತ್ತಿ ಹಚ್ಚುತ್ತಾರೆ. ಮೊದಲ ವಾರ ಒಂದು, ಮುಂದಿನ ವಾರ ಎರಡು. ಮೂರು ನೇರಳೆ, ಒಂದು ಗುಲಾಬಿ. ಗುಲಾಬಿಯದು ಮೂರನೇ ವಾರಕ್ಕೆ, ಸಂತೋಷದ ಗುರುತು. ಈ ಚಕ್ರ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1839ರಲ್ಲಿ ವಿಹೆರ್ನ್ ಎಂಬ ಪಾದ್ರಿ ಬಡಮಕ್ಕಳಿಗಾಗಿ ಗಾಡಿಯ ಗಾಲಿಯಿಂದ ಮಾಡಿದ್ದಂತೆ. ಹಬ್ಬ ಯಾವಾಗ ಅಂತ ಆ ಮಕ್ಕಳು ದಿನಾ ಕೇಳುತ್ತಿದ್ದರಂತೆ. ಯಾವ ದೇಶದ ಮಕ್ಕಳಾದರೂ ಕೇಳುವುದು ಅದನ್ನೇ!

ಮೊಂಬತ್ತಿ ಹಚ್ಚಿದ ಮೇಲೆ ಆಂಟಿ ಟ್ಯೂಬ್‌ಲೈಟ್ ಆರಿಸಿ, ಪ್ರಾರ್ಥನೆ ಹೇಳಿ, ಸ್ವಲ್ಪ ಹೊತ್ತು ಮಾತಿಲ್ಲದೆ ಕೂರುತ್ತಾರೆ. ನಾವೂ ಕೂರುತ್ತೇವೆ, ಫೋನ್ ಇಲ್ಲ. ಕಳೆದ ವರ್ಷ ಮೆಟ್ಟಿಲು ಹತ್ತುವಾಗ ಮಗಳು ಮೆಲ್ಲಗೆ "ಅಜ್ಜಿ ಮನೆಯಲ್ಲಿ ಕರೆಂಟು ಹೋದ ಹಾಗೇ ಇತ್ತಲ್ವಾ ಅಮ್ಮ" ಅಂದಳು. ಆ ರಾತ್ರಿ ಅಜ್ಜಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದಳು.

ಬಿದಿರು ಕಡ್ಡಿ ನಮ್ಮಲ್ಲಿ ಉಳಿದಿವೆ ಅಕ್ಕ. ಮಡಗಾಂವ್ ಕಡೆ ಬಂದರೆ ಮಗನನ್ನೂ ಕರೆತನ್ನಿ, ಜೊತೆಗೇ ಕಟ್ಟೋಣ.