ಮೇಲಿನ ಕೋಣೆಗೆ ಎರಡನೇ ದಾರಿ

ನನ್ನ ತಮ್ಮ ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ಮನೆ ಕಟ್ಟುತ್ತಿದ್ದಾನೆ. ಅದರ ಪ್ಲ್ಯಾನ್ ಬಗ್ಗೆ ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಮಾತು ಇದು. ಮನೆ ಕಟ್ಟುವ ಬೇರೆಯವರಿಗೂ ಬೇಕಾದೀತು ಅಂತ ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆ ಇವೆ.

ಇಂಗ್ಲೆಂಡ್ ಅಣ್ಣ: (ಫೋಟೊ) ನಾವು ಇಲ್ಲಿ ಕಟ್ಟಿಸುತ್ತಿರುವ ಮನೆಯ ಮೇಲಿನ ಮಹಡಿ. ಕೆಂಪು ಗುರುತು ಹಾಕಿದ ಕಿಟಕಿಗಳು ಬೆಂಕಿ ಬಿದ್ದರೆ ಹೊರಗೆ ಹೋಗುವುದಕ್ಕೆ. ಇವು ಇಲ್ಲದಿದ್ದರೆ ನಮ್ಮ ನಕ್ಷೆ ಪಾಸಾಗುತ್ತಿರಲಿಲ್ಲ. ತಮ್ಮಾ, ನೀನು ಮೊನ್ನೆ ಹಾಕಿದ ಪ್ಲ್ಯಾನ್ ನೋಡಿದೆ. ಮೇಲೆ ಎರಡು ಮಲಗುವ ಕೋಣೆ, ಎಲ್ಲ ಕಿಟಕಿಗೂ ಸರಳು. ಇಳಿಯಲು ಒಂದೇ ಮೆಟ್ಟಿಲು, ಅದೂ ಅಡುಗೆಮನೆಯ ಬಾಗಿಲಿನ ಎದುರಿಗೇ. ಅಡುಗೆಮನೆಯಲ್ಲಿ ಬೆಂಕಿ ಹತ್ತಿದರೆ ಮಕ್ಕಳು ಎಲ್ಲಿಂದ ಬರಬೇಕು?

ತಮ್ಮ: ನಾನು ಇದನ್ನು ಯೋಚಿಸಿರಲಿಲ್ಲ ಅಣ್ಣ. ಪಂಚಾಯತಿನಲ್ಲಿ ಯಾರೂ ಕೇಳಲಿಲ್ಲ.

ಕುಂಬಳೆ ಭಾವ: ಕೇಳುವುದೂ ಇಲ್ಲ. ನಾನು ಇಷ್ಟು ಮನೆ ಕಟ್ಟಿಸಿದ್ದೇನೆ. ರಸ್ತೆಯಿಂದ ಎಷ್ಟು ಬಿಟ್ಟಿದ್ದೀರಿ, ಸೆಪ್ಟಿಕ್ ಟ್ಯಾಂಕ್ ಬಾವಿಯಿಂದ ಎಷ್ಟು ದೂರ, ಮಳೆನೀರಿಗೆ ಏನು ಮಾಡಿದ್ದೀರಿ, ಇಷ್ಟೇ. ಈ ಅಳತೆಯ ಮನೆಗೆ ಫಯರ್ ಎನ್‌ಒಸಿ, ಅಂದರೆ ಫಯರ್ ಫೋರ್ಸಿನವರ ಒಪ್ಪಿಗೆ ಪತ್ರ, ಬೇಡ. ಇಂಗ್ಲೆಂಡಿನಲ್ಲಿ ಮಹಡಿಯ ನೆಲ, ಮಾಡು ಎಲ್ಲ ಮರದ್ದು, ನೆಲಕ್ಕೆ ಕಾರ್ಪೆಟ್. ನಮ್ಮದು ಕೆಂಪುಕಲ್ಲು, ಕಾಂಕ್ರೀಟ್. ಉರಿಯುವುದಕ್ಕೆ ಏನಿದೆ?

ನಾನು: ಕಲ್ಲು ಉರಿಯುವುದಿಲ್ಲ ಭಾವ. ಸೋಫಾದ ಫೋಮ್, ಹಾಸಿಗೆ, ಪರದೆ, ಪಿವಿಸಿ ಸೀಲಿಂಗ್, ವಯರು ಉರಿಯುತ್ತದೆ. ಬೆಂಕಿ ಮೈಗೆ ತಾಗುವ ಮೊದಲೇ ಹೊಗೆ ಕೊಲ್ಲುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಬಿಸಿ ಹೊಗೆ ಮೇಲಕ್ಕೆ ಹೋಗುತ್ತದೆ, ಮನೆಯಲ್ಲಿ ಮೇಲೆ ಹೋಗಲು ದಾರಿ ಎಂದರೆ ಮೆಟ್ಟಿಲು. ಹಾಗಾಗಿ ಬೆಂಕಿ ಬಿದ್ದಾಗ ಮೆಟ್ಟಿಲಿನ ಜಾಗವೇ ಹೊಗೆಗೂಡು ಆಗುತ್ತದೆ. ನಮ್ಮ ಮಕ್ಕಳು ಇಳಿಯಬೇಕಾದದ್ದೂ ಅದರಲ್ಲೇ.

ನೀರ್ಚಾಲು ಚಿಕ್ಕಮ್ಮ: ಕಾಂಕ್ರೀಟ್ ಮನೆ ಅಂತ ಧೈರ್ಯ ಬೇಡ. ಅಡಿಕೆ ಎಲ್ಲಿ ಇಡುತ್ತೀರಿ? ತೆಂಗಿನಕಾಯಿ? ಬಚ್ಚಲು ಒಲೆಗೆ ಮಡಲು (ಒಣಗಿದ ತೆಂಗಿನ ಗರಿ), ಸಿಪ್ಪೆ ಎಲ್ಲ ಗೋಡೆಗೆ ತಾಗಿಸಿಯೇ ರಾಶಿ ಹಾಕುತ್ತೇವೆ ಅಲ್ವಾ?

ಬದಿಯಡ್ಕ ಮಾವ: ಬೆಂಕಿ ಯಾವಾಗಲೋ ಒಮ್ಮೆ. ಕಳ್ಳ ಹಾಗಲ್ಲ. ಅಡಿಕೆಗೆ ಒಳ್ಳೆ ರೇಟು ಇರುವಾಗ ಅಂಗಳದಲ್ಲಿ ಒಣಗಲು ಹಾಕಿದ್ದನ್ನೇ ರಾತ್ರಿ ಹೊತ್ತುಕೊಂಡು ಹೋಗುತ್ತಾರೆ. ಒಂಟಿ ಮನೆ, ಕೂಗಿದರೆ ಕೇಳುವಷ್ಟು ಹತ್ತಿರ ಯಾರೂ ಇಲ್ಲ. ಸರಳು ತೆಗೆಯಿರಿ ಎನ್ನುವ ಮಾತಿಗೆ ನಾನು ಒಪ್ಪುವುದಿಲ್ಲ.

ನಾನು: ತೆಗೆಯುವುದು ಬೇಡ ಮಾವ. ಒಂಟಿ ಮನೆ ಎಂದು ನೀವೇ ಹೇಳಿದಿರಿ. ಫಯರ್ ಫೋರ್ಸ್ ಬರಬೇಕಾದದ್ದು ಕಾಸರಗೋಡಿನಿಂದಲೋ ಉಪ್ಪಳದಿಂದಲೋ. 101ಕ್ಕೆ ಫೋನ್ ಮಾಡಿದ ಮೇಲೆ ಅವರು ಎಷ್ಟೇ ಬೇಗ ಹೊರಟರೂ ನಮ್ಮ ಗುಡ್ಡದ ಇಳಿಜಾರಿಗೆ ದೊಡ್ಡ ಗಾಡಿ ಇಳಿಯುವುದು ಕಷ್ಟ. ಅಲ್ಲಿವರೆಗೆ ಮನೆಯವರೇ ಹೊರಗೆ ಬರಬೇಕು. ಪ್ರತಿ ಮಲಗುವ ಕೋಣೆಯಲ್ಲಿ ಒಂದು ಕಿಟಕಿಯ ಸರಳು ತಿರುಗಣೆಯ ಮೇಲೆ ಬಾಗಿಲಿನ ಹಾಗೆ ತೆರೆಯಲಿ. ಉಳಿದದ್ದು ಇದ್ದ ಹಾಗೇ ಇರಲಿ.

ಇಂಗ್ಲೆಂಡ್ ಅಣ್ಣ: ಇಲ್ಲಿಯ ಅಳತೆ ಹೇಳುತ್ತೇನೆ, ಬೇಕಾದರೆ ತೆಗೆದುಕೊಳ್ಳಿ. ತೆರೆದ ಜಾಗ 0.33 ಚದರ ಮೀಟರ್ ಬೇಕು. ಅಗಲವೂ ಎತ್ತರವೂ 450 ಮಿಲಿಮೀಟರಿಗಿಂತ ಕಡಿಮೆ ಆಗಬಾರದು. ತೆರೆಯುವ ಜಾಗದ ಕೆಳ ಅಂಚು ನೆಲದಿಂದ 1100 ಮಿಲಿಮೀಟರಿಗಿಂತ ಮೇಲೆ ಇರಬಾರದು.

ಕುಂಬಳೆ ಭಾವ: 450ಕ್ಕೆ 450 ಎಂದರೆ ಒಂದೂವರೆ ಅಡಿ ಚೌಕ. ಅದರಲ್ಲಿ ದೊಡ್ಡವರು ಹೇಗೆ ನುಗ್ಗುತ್ತಾರೆ?

ಇಂಗ್ಲೆಂಡ್ ಅಣ್ಣ: ಅದು ಸಾಲುವುದಿಲ್ಲ ಭಾವ. 450ಕ್ಕೆ 450 ಗುಣಿಸಿದರೆ 0.2 ಚದರ ಮೀಟರ್ ಅಷ್ಟೇ. ಅಗಲ 450 ಇಟ್ಟರೆ ಎತ್ತರ ಸುಮಾರು 735 ಬೇಕು. ಎರಡೂ ಲೆಕ್ಕ ಒಟ್ಟಿಗೆ ಸರಿಯಾಗಬೇಕು.

ಕುಂಬಳೆ ಭಾವ: ಹಾಗಾದರೆ ನಮ್ಮ ಮೂರು ಬಾಗಿಲಿನ ಕಿಟಕಿಯಲ್ಲಿ ಒಂದು ಬಾಗಿಲಿನ ಜಾಗ ಸಾಕು. ಚೌಕಟ್ಟು ಕಳೆದು 450 ಸಿಗುವ ಹಾಗೆ ಆಚಾರಿಗೆ ಮೊದಲೇ ಹೇಳಬೇಕು. ಮರ ಕೊಯ್ದ ಮೇಲೆ ಹೇಳಿದರೆ ಆಗುವುದಿಲ್ಲ. ಆದರೆ ಹೊರಗೆ ಬಂದು ಏನು ಮಾಡುತ್ತಾರೆ? ಕೆಳಗೆ ಅಂಗಳಕ್ಕೆ ಹಾಸಿದ ಇಂಟರ್‌ಲಾಕ್ ಕಲ್ಲು. ಹಾರಿದರೆ ಕಾಲು ಮುರಿಯುತ್ತದೆ.

ನಾನು: ಎದುರಿನ ಕೋಣೆಯ ಕೆಳಗೆ ಪೋರ್ಟಿಕೊದ ಸ್ಲ್ಯಾಬ್ ಇದೆ. ಕಿಟಕಿಯಿಂದ ಅದರ ಮೇಲೆ ಇಳಿಯಬಹುದು. ಅಲ್ಲಿ ಹೊಗೆ ಇಲ್ಲದ ಗಾಳಿ ಸಿಗುತ್ತದೆ, ಏಣಿ ತರುವವರೆಗೆ ನಿಲ್ಲಬಹುದು. ಹಿಂದಿನ ಕೋಣೆಯದ್ದೇ ತೊಂದರೆ. ಅದರ ಕೆಳಗೆ ಬರೀ ಸನ್‌ಶೇಡ್.

ನೀರ್ಚಾಲು ಚಿಕ್ಕಮ್ಮ: ಹಿಂದೆ ಹೊರಗಿನಿಂದ ಮೆಟ್ಟಿಲು ಮಾಡಿ ಅಂತ ನಾನು ಮೊದಲ ದಿನವೇ ಹೇಳಿದ್ದೆ. ಅಡಿಕೆಯ ಗೋಣಿ ಹೊತ್ತುಕೊಂಡು ಮನೆಯ ಒಳಗಿನಿಂದ ಟೆರೇಸಿಗೆ ಹತ್ತುವುದಾ? ಜಾಗ ಹಾಳು ಅಂತ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ತಮ್ಮ: ಜಾಗ ಅಲ್ಲ ಚಿಕ್ಕಮ್ಮ, ದುಡ್ಡು. ಒಳಗೆ ಒಂದು, ಹೊರಗೆ ಒಂದು ಅಂದರೆ ಬಜೆಟ್ ದಾಟುತ್ತದೆ.

ಕುಂಬಳೆ ಭಾವ: ಕಬ್ಬಿಣದ ಮೆಟ್ಟಿಲು ಹಾಕಿದರೆ ಖರ್ಚು ಕಡಿಮೆ. ಆದರೆ ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆ. ವರ್ಷಾ ವರ್ಷಾ ಪೈಂಟ್ ಬಳಿಯಬೇಕು. ಗೋಣಿ ಹೊತ್ತವರಿಗೆ ಅದು ಸರಿಯಲ್ಲ, ಜಾರುತ್ತದೆ. ಮಾಡುವುದಾದರೆ ಕಾಂಕ್ರೀಟಿನದ್ದೇ ಮಾಡಿ. ಒಳಗಿನ ಮೆಟ್ಟಿಲು ಟೆರೇಸಿನವರೆಗೆ ಹೋಗುವುದು ಬೇಡ, ಮೇಲಿನ ಮಹಡಿಗೆ ನಿಲ್ಲಲಿ. ಟೆರೇಸಿನಲ್ಲಿ ಮೆಟ್ಟಿಲಿನ ಮೇಲೆ ಕಟ್ಟುವ ಸ್ಟೇರ್ ರೂಮಿನ ಖರ್ಚು ಉಳಿಯುತ್ತದೆ, ಅದನ್ನು ಹೊರಗೆ ಹಾಕಿ. ಹಿಂದಿನ ಕೋಣೆಗೆ ಬಾಲ್ಕನಿ ಇಟ್ಟು, ಹೊರಗಿನ ಮೆಟ್ಟಿಲು ಅದಕ್ಕೆ ತಾಗಿ ಹೋಗುವ ಹಾಗೆ ಮಾಡಬಹುದು.

ನಾನು: ಭಾವ, ನಮಗೆ ಬೇಕಾದದ್ದು ಇದೇ.

ಬದಿಯಡ್ಕ ಮಾವ: ಬೆಂಕಿಯ ಹೆಸರಿನಲ್ಲಿ ಕಳ್ಳನಿಗೆ ಮೆಟ್ಟಿಲು ಕಟ್ಟಿಸುತ್ತಿದ್ದೀರಿ.

ನಾನು: ಬಾಲ್ಕನಿ ಬಾಗಿಲು ಗಟ್ಟಿ ಮರದ್ದಾಗಲಿ ಮಾವ, ಒಳಗಿನಿಂದ ಮೇಲೆ ಕೆಳಗೆ ಎರಡು ಚಿಲಕ. ಎಷ್ಟು ಗಟ್ಟಿ ಬೇಕಾದರೂ ಮಾಡಿಸಿ. ಒಳಗೆ ಮಲಗಿದವರಿಗೆ ಕೀ ಬೇಕಾಗಬಾರದು, ಅಷ್ಟೇ ನಾನು ಕೇಳುವುದು. ಕತ್ತಲೆ, ಕರೆಂಟ್ ಹೋಗಿದೆ, ಕಣ್ಣು ಉರಿಯುತ್ತಿದೆ. ಆ ಹೊತ್ತಿನಲ್ಲಿ ಎಂಟು ವರ್ಷದ ಹುಡುಗಿ ಕೀಗೊಂಚಲಿನಲ್ಲಿ ಸರಿಯಾದ ಕೀ ಹುಡುಕಬೇಕಾ?

ಬದಿಯಡ್ಕ ಮಾವ: ಬಾಗಿಲಿಗೆ ಸರಿ. ಕಿಟಕಿಗೆ? ಬೇಸಿಗೆಯಲ್ಲಿ ಎಲ್ಲರೂ ಕಿಟಕಿ ತೆರೆದೇ ಮಲಗುತ್ತಾರೆ. ಸರಳಿನ ಸಂದಿಯಲ್ಲಿ ಕೈ ಹಾಕಿ ಚಿಲಕ ತೆಗೆಯುತ್ತಾನೆ. ಅದಕ್ಕೆ ಉತ್ತರ ಹೇಳು.

ತಮ್ಮ: ಚಿಲಕದ ಸುತ್ತ ದಪ್ಪ ತಗಡು ಬೆಸೆಯಬಹುದು ಅಲ್ವಾ? ಒಳಗಿನಿಂದ ಬೆರಳು ಹೋಗಬೇಕು, ಹೊರಗಿನಿಂದ ಕೈ ತಿರುಗಬಾರದು.

ಕುಂಬಳೆ ಭಾವ: ಆಗುತ್ತದೆ. ವೆಲ್ಡಿಂಗಿನವರಿಗೆ ತೋರಿಸಿ ಮಾಡಿಸಬೇಕು. ಆದರೆ ತಿರುಗಣೆಗೆ ಎಣ್ಣೆ ಬಿಡದೆ ಎರಡು ಮಳೆಗಾಲ ಬಿಟ್ಟರೆ ತೆರೆಯಲಿಕ್ಕೇ ಬಾರದು. ಮತ್ತೆ ಅದೇ ಕಿಟಕಿಗೆ ಅಡ್ಡ ಕಪಾಟು ಇಡುತ್ತಾರೆ. ನಾನು ನೋಡಿದ್ದೇನೆ.

ನೀರ್ಚಾಲು ಚಿಕ್ಕಮ್ಮ: ಎಲ್ಲರೂ ಮೇಲಿನದ್ದೇ ಮಾತಾಡುತ್ತಿದ್ದೀರಿ. ಅಜ್ಜಿಯ ಕೋಣೆ ನೋಡಿದಿರಾ?

ನಾನು: ಅದನ್ನೇ ಬರೆಯುತ್ತಿದ್ದೆ. ಅಜ್ಜಿಯ ಕೋಣೆಯಿಂದ ಹೊರಗೆ ಬರಬೇಕಾದರೆ ಅಡುಗೆಮನೆ ದಾಟಲೇಬೇಕು. ಬೇರೆ ಬಾಗಿಲು ಇಲ್ಲ. ಅಜ್ಜಿಗೆ ಕಿಟಕಿ ಹತ್ತಿ ಇಳಿಯಲು ಆಗುತ್ತದಾ?

ಇಂಗ್ಲೆಂಡ್ ಅಣ್ಣ: ಇಲ್ಲಿ ಅಂಥ ಕೋಣೆಗೆ ಹೊರಗೆ ಹೋಗುವ ಬಾಗಿಲಾದರೂ ಕಿಟಕಿಯಾದರೂ ಬೇಕೇ ಬೇಕು.

ನೀರ್ಚಾಲು ಚಿಕ್ಕಮ್ಮ: ತರವಾಡಿನಲ್ಲಿ, ನಮ್ಮ ಹಿರಿಯರ ಮನೆಯಲ್ಲಿ, ಅಟ್ಟದ ಮಡಲಿಗೆ ಕಿಡಿ ಹಾರಿದಾಗ ದೊಡ್ಡಜ್ಜಿಯನ್ನು ಬಡಗು ಬಾಗಿಲಿನಿಂದ ಹೊತ್ತುಕೊಂಡು ಬಂದದ್ದು. ಆ ಮನೆಗೆ ಎಲ್ಲ ಕಡೆಯೂ ಬಾಗಿಲು ಇತ್ತು. ಈಗ ಎದುರು ಒಂದು, ಹಿಂದೆ ಒಂದು, ಎರಡಕ್ಕೂ ಗ್ರಿಲ್ಸ್, ಎರಡಕ್ಕೂ ಬೀಗ.

ತಮ್ಮ: ಅಜ್ಜಿಯ ಕೋಣೆಯಿಂದ ಹಿತ್ತಿಲಿಗೆ ಬಾಗಿಲು ಇಡುತ್ತೇನೆ. ಹೊಸ್ತಿಲು ಬೇಡ, ಮೆಟ್ಟಿಲಿನ ಬದಲು ಇಳಿಜಾರು ಮಾಡಿಸುತ್ತೇನೆ. ಗೋಡೆ ಇನ್ನೂ ಎದ್ದಿಲ್ಲ, ಈಗ ಬದಲಾಯಿಸಬಹುದು.

ನಾನು: ಇನ್ನೊಂದು. ಮೆಟ್ಟಿಲಿನ ಕೆಳಗೆ ಇನ್ವರ್ಟರ್, ಬ್ಯಾಟರಿ, ಸ್ಪೇರ್ ಸಿಲಿಂಡರ್ ಅಂತ ಬರೆದಿದ್ದೀ. ಮೂರನ್ನೂ ಅಲ್ಲಿಂದ ತೆಗೆ. ಚಾರ್ಜ್ ಆಗುವಾಗ ಆಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಲೀಕ್ ಆದರೆ ಮೂಲೆಯಲ್ಲಿ ಕೆಳಗೇ ನಿಲ್ಲುತ್ತದೆ. ಒಂದು ಕಿಡಿ ಸಾಕು. ಇರುವ ಒಂದು ದಾರಿಯ ಕೆಳಗೇ ಇವನ್ನು ಇಡುವುದು ಬೇಡ. ನಿನ್ನ ಸ್ಕೂಟರ್ ಚಾರ್ಜಿಂಗ್ ಕೂಡ ಸಿಟೌಟಿನಲ್ಲಿ (ಎದುರಿನ ಜಗಲಿಯಲ್ಲಿ) ಬೇಡ, ಶೆಡ್ಡಿಗೆ ಹಾಕು.

ಕುಂಬಳೆ ಭಾವ: ಜಾಗ ಎಲ್ಲೂ ಇಲ್ಲ ಅಂತ ಎಲ್ಲರೂ ಇನ್ವರ್ಟರ್ ಅಲ್ಲೇ ಇಡುತ್ತಾರೆ.

ನಾನು: ಎಲ್ಲರೂ ಇಡುತ್ತಾರೆ ಎಂಬ ಕಾರಣಕ್ಕೆ ನಾವೂ ಇಡುವುದು ಬೇಡ ಭಾವ. ಪಂಚಾಯತಿನವರು ಕೇಳದೇ ಇರುವುದೂ ಹಾಗೇ. ದೇಶಕ್ಕೆಲ್ಲ ಮಾದರಿಯಾಗಿ ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಿಂದ ಇದೆ. 2016ರ ಆವೃತ್ತಿಯಲ್ಲಿ ಬೆಂಕಿಯ ಬಗ್ಗೆಯೇ ದೊಡ್ಡ ಭಾಗ ಇದೆ. ಅದು ಮಾರ್ಗದರ್ಶನ ಮಾತ್ರ, ಕಡ್ಡಾಯ ಮಾಡುವುದು ಆಯಾ ರಾಜ್ಯ. ನಮ್ಮ ಮನೆ ಚಿಕ್ಕದು, ಹಾಗಾಗಿ ಯಾರೂ ಬಂದು ನೋಡುವುದಿಲ್ಲ. ಅಣ್ಣನ ಮನೆ ನೋಡಲು ಅಲ್ಲಿ ಯಾರೋ ಬರುತ್ತಾರೆ. ಇಲ್ಲಿ ನಾವೇ ನೋಡಬೇಕು.

ಇಂಗ್ಲೆಂಡ್ ಅಣ್ಣ: ಹೊಗೆ ಅಲಾರಂ ಮರೆಯಬೇಡಿ. ವಯರಿಂಗ್ ಮಾಡುವಾಗಲೇ ಪೈಪ್ ಎಳೆದಿಡಿ. ಕೆಳಗಿನ ಹಾಲಿನಲ್ಲಿ ಒಂದು, ಮೇಲೆ ಮೆಟ್ಟಿಲಿನ ತುದಿಯಲ್ಲಿ ಒಂದು. ಒಂದು ಕೂಗಿದರೆ ಇನ್ನೊಂದೂ ಕೂಗುವಂಥದ್ದು ತೆಗೆದುಕೊಳ್ಳಿ.

ಕುಂಬಳೆ ಭಾವ: ದಿನಾ ಒಗ್ಗರಣೆ ಹಾಕುವಾಗ ಕೂಗುತ್ತದೆ. ಎರಡು ದಿನದಲ್ಲಿ ಬ್ಯಾಟರಿ ತೆಗೆದಿಡುತ್ತಾರೆ.

ಇಂಗ್ಲೆಂಡ್ ಅಣ್ಣ: ಅಡುಗೆಮನೆಗೆ ಹೊಗೆಯದ್ದು ಹಾಕುವುದಿಲ್ಲ ಭಾವ. ಬಿಸಿ ಏರಿದರೆ ಮಾತ್ರ ಕೂಗುವುದು ಬೇರೆ ಇದೆ. ಒಗ್ಗರಣೆಯ ಘಾಟಿಗೆ ಅದು ಕೂಗುವುದಿಲ್ಲ.

ತಮ್ಮ: (ಫೋಟೊ) ಪೆನ್ಸಿಲಿನಲ್ಲಿ ಗೀಚಿದ್ದೇನೆ. ಹಿಂದೆ ಕಾಂಕ್ರೀಟ್ ಮೆಟ್ಟಿಲು, ಬಾಲ್ಕನಿಗೆ ತಾಗಿ ಟೆರೇಸಿಗೆ. ಎದುರಿನ ಕೋಣೆಗೆ ಪೋರ್ಟಿಕೊ ಕಡೆಯ ಕಿಟಕಿ. ಅಜ್ಜಿಗೆ ಬಾಗಿಲು. ಇನ್ವರ್ಟರ್ ಶೆಡ್ಡಿನ ಗೋಡೆಗೆ. ಅಡುಗೆಮನೆಗೆ ಮುಚ್ಚುವ ಬಾಗಿಲು, ಓಪನ್ ಕಿಚನ್ ಬೇಡ. ಓಪನ್ ಕಿಚನ್ ಇಲ್ಲ ಅಂತ ಹೆಂಡತಿಗೆ ಸ್ವಲ್ಪ ಬೇಸರ, ಆದರೆ ಮಕ್ಕಳ ವಿಷಯ ಹೇಳಿದಾಗ ಒಪ್ಪಿದಳು. ಪ್ಲ್ಯಾನ್ ಬದಲಾದರೆ ಪರ್ಮಿಟ್ ತಿದ್ದಿಸಬೇಕಾ ಭಾವ?

ಕುಂಬಳೆ ಭಾವ: ಮೆಟ್ಟಿಲು ಹೊರಗೆ ಬರುವುದರಿಂದ ಗಡಿಯಿಂದ ಬಿಡುವ ಜಾಗ ಸರಿಯಾಗಿದೆಯಾ ನೋಡಬೇಕು. ಕಟ್ಟುವ ಮೊದಲು ಕೇಳುವುದೇ ಒಳ್ಳೆಯದು. ಸೋಮವಾರ ಪಂಚಾಯತಿಗೆ ನಾನೂ ಬರುತ್ತೇನೆ.

ನಾನು: ಸಿಟೌಟಿನ ಗ್ರಿಲ್ಸ್ ಬೀಗದ ಮಾತು ಉಳಿಯಿತು.

ಬದಿಯಡ್ಕ ಮಾವ: ಅದಕ್ಕೆ ಬೀಗ ಬೇಕೇ ಬೇಕು. ಅಜ್ಜಿಗೆ, ಮಕ್ಕಳಿಗೆ ಬೇರೆ ದಾರಿ ಆಯಿತಲ್ಲ. ಇದರಲ್ಲಿ ನಾನು ಬಿಡುವುದಿಲ್ಲ.

ನಾನು: ಆಗಲಿ ಮಾವ. ಅದೊಂದಕ್ಕೆ ಬೀಗ ಇರಲಿ, ಕೀ ಮಾತ್ರ ಒಳಗಿನ ಗೋಡೆಯ ಮೊಳೆಯಲ್ಲಿ, ಮಕ್ಕಳ ಕೈಗೆ ಎಟುಕುವಷ್ಟು ಕೆಳಗೆ.

ಬದಿಯಡ್ಕ ಮಾವ: ಹೊರಗಿನಿಂದ ಕಾಣದ ಜಾಗದಲ್ಲಾದರೆ ಸರಿ. ಮತ್ತೆ ಆ ಕಿಟಕಿ ಚಿಲಕ ಮೊದಲು ಒಂದು ಮಾಡಿಸಿ ಇಡು ತಮ್ಮಾ. ನಾನೇ ಬಂದು ಹೊರಗಿನಿಂದ ಕೈ ಹಾಕಿ ನೋಡುತ್ತೇನೆ. ನನ್ನ ಕೈಗೆ ತೆರೆದರೆ ಬೇರೆ ಮಾಡಿಸಬೇಕು.