ಹಾಸ್ಟೆಲ್ ಕೊಠಡಿಯ ನೆಟ್‌ವರ್ಕ್‌ಗೆ ಲ್ಯಾಪ್‌ಟಾಪ್ ಜೋಡಿಸಲು ಏನೇನು ಕೊಳ್ಳಬೇಕು?

ಪ್ರಶ್ನೆ (ಸಕಲೇಶಪುರದಿಂದ):
ನಮಸ್ಕಾರ. ನನ್ನ ತಂಗಿ ಹಾಸನದ ಎಂಜಿನಿಯರಿಂಗ್ ಕಾಲೇಜೊಂದಕ್ಕೆ ಸೇರಿದ್ದು, ಮುಂದಿನ ವಾರ ಹಾಸ್ಟೆಲ್‌ಗೆ ಹೋಗಲಿದ್ದಾಳೆ. ಅಲ್ಲಿ ವೈಫೈ ಕಾರಿಡಾರಿನಲ್ಲಿ ಚೆನ್ನಾಗಿ ಸಿಗುತ್ತದೆ, ಕೊಠಡಿಯೊಳಗೆ ಒಂದೇ ಗೆರೆ. ಮಂಚದ ಪಕ್ಕದ ಗೋಡೆಯಲ್ಲಿ ಲ್ಯಾನ್ ಪೋರ್ಟ್ ಇದೆಯಾದರೂ ಅವಳ ತೆಳು ಲ್ಯಾಪ್‌ಟಾಪಿನಲ್ಲಿ ಕೇಬಲ್ ಸಿಕ್ಕಿಸುವ ಜಾಗವೇ ಇಲ್ಲ. ಅಂಗಡಿಯವರು ರೂಟರ್ ತೆಗೆದುಕೊಳ್ಳಿ ಎನ್ನುತ್ತಾರೆ. ಅದು ನಿಜಕ್ಕೂ ಬೇಕೇ?

ಉತ್ತರ 1 (ಚಿಕ್ಕಮಗಳೂರು, ಕಾಲೇಜು ಲ್ಯಾಬ್ ನೋಡಿಕೊಳ್ಳುವವನು):
ರೂಟರ್ ಬೇಡ. ಯುಎಸ್‌ಬಿಯಿಂದ ಲ್ಯಾನ್‌ಗೆ ಬದಲಾಯಿಸುವ ಪುಟ್ಟ ಅಡಾಪ್ಟರ್ ಒಂದು, ಮೂರು ಮೀಟರಿನ ಸಿದ್ಧ ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲ್ ಒಂದು, ಇಷ್ಟೇ ಸಾಕು. ಅಡಾಪ್ಟರ್ ಯುಎಸ್‌ಬಿ 3.0 ಗಿಗಾಬಿಟ್‌ನದೇ (1000 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 1000 ಮೆಗಾಬಿಟ್ ವೇಗದ್ದು) ಇರಲಿ, ಯುಎಸ್‌ಬಿ 2.0 ಆದರೆ ಅದರ ಮಿತಿಯೇ 480 ಎಂಬಿಪಿಎಸ್. ಲ್ಯಾಪ್‌ಟಾಪಿನಲ್ಲಿರುವುದು ಟೈಪ್ ಸಿ ಪೋರ್ಟೋ ಹಳೆಯ ಚಪ್ಪಟೆ ಪೋರ್ಟೋ ಎಂದು ನೋಡಿಕೊಂಡೇ ಅಂಗಡಿಗೆ ಹೋಗಿ.

ರೂಟರ್ ವಿಷಯದಲ್ಲಿ ಹಠ ಹಿಡಿಯಲು ಕಾರಣವಿದೆ. ನಮ್ಮಲ್ಲಿ ಒಬ್ಬ ವಿದ್ಯಾರ್ಥಿ ಗೋಡೆಯ ಕೇಬಲನ್ನು ರೂಟರಿನ ವ್ಯಾನ್ ಪೋರ್ಟಿನ (ಹೊರಗಿನ ನೆಟ್ ಒಳಬರುವ ಪೋರ್ಟ್) ಬದಲು ಲ್ಯಾನ್ ಪೋರ್ಟಿಗೆ (ಒಳಗಿನ ಕಂಪ್ಯೂಟರುಗಳಿಗೆ ನೆಟ್ ಕೊಡುವ ಪೋರ್ಟ್) ಸಿಕ್ಕಿಸಿಬಿಟ್ಟಿದ್ದ. ಆ ರೂಟರ್ ಇಡೀ ಮಹಡಿಯ ಕಂಪ್ಯೂಟರುಗಳಿಗೆ ತಾನೇ 192.168ರಿಂದ ಆರಂಭವಾಗುವ ಐಪಿ ವಿಳಾಸಗಳನ್ನು (ನೆಟ್‌ವರ್ಕ್‌ನಲ್ಲಿ ಪ್ರತಿ ಕಂಪ್ಯೂಟರಿಗೂ ಸಿಗುವ ಸಂಖ್ಯೆಗಳು) ಹಂಚತೊಡಗಿ, ಯಾರಿಗೂ ಇಂಟರ್ನೆಟ್ ಇಲ್ಲದಾಯಿತು. ಕೋಣೆ ಕೋಣೆ ಹುಡುಕಿ ಅದನ್ನು ಕಂಡುಹಿಡಿಯಲು ನನಗೆ ಅರ್ಧ ದಿನ ಹಿಡಿಯಿತು.

ಉತ್ತರ 2 (ಹಾಸನ, ಅಂತಿಮ ವರ್ಷ):
ಮೇಲಿನವರು ಹೇಳಿದ್ದು ಸರಿ. ನಮ್ಮ ಹಾಸ್ಟೆಲ್‌ನಲ್ಲಿ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್‌ಗೆ ಜೋಡಿಸುವ ಸಾಧನದ ಗುರುತು) ನೋಂದಾಯಿಸದಿದ್ದರೆ ನೆಟ್‌ವರ್ಕ್ ಒಳಗೆ ಬಿಡುವುದಿಲ್ಲ. ಅಂಕಿ ಮತ್ತು ಎ ಇಂದ ಎಫ್ ವರೆಗಿನ ಅಕ್ಷರಗಳಿರುವ ಆ 12 ಸ್ಥಾನಗಳ ವಿಳಾಸವು ಅಡಾಪ್ಟರಿಗೆ ಬೇರೆ, ಲ್ಯಾಪ್‌ಟಾಪಿನ ವೈಫೈಗೆ ಬೇರೆ ಇರುತ್ತದೆ. ಕೇಬಲ್‌ಗೆ ಅರ್ಜಿ ತುಂಬುವಾಗ ವೈಫೈನದನ್ನು ಬರೆದುಕೊಟ್ಟು ನಾನು ಎರಡು ದಿನ ಕಾದೆ. ವೈಫೈಯನ್ನೂ ನೋಂದಾಯಿಸುವುದಾದರೆ, ವಿಂಡೋಸ್‌ನಲ್ಲಿ ವಿಳಾಸವನ್ನು ಬದಲಾಯಿಸುತ್ತಿರುವ ಸೌಲಭ್ಯವನ್ನು ಆ ನೆಟ್‌ವರ್ಕ್‌ನ ಮಟ್ಟಿಗೆ ಆಫ್ ಮಾಡಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಮನೆಯಲ್ಲಿ ಹಳೆಯ ಕೇಬಲ್ ಇದೆ. ತುದಿಯ ಪ್ಲಾಸ್ಟಿಕ್ ಕೊಂಡಿ ಮುರಿದಿದೆ. ಅದನ್ನೇ ಬಳಸಬಹುದೇ?

ಉತ್ತರ 1:
ಬೇಡ. ಕೊಂಡಿ ಇಲ್ಲದ ಕೇಬಲ್ ಮಂಚ ಅಲುಗಾಡಿದರೂ ಸಡಿಲವಾಗುತ್ತದೆ. ಗಿಗಾಬಿಟ್ ವೇಗಕ್ಕೆ ಒಳಗಿನ ಎಂಟೂ ತಂತಿಗಳು ಸರಿಯಾಗಿ ತಾಗಬೇಕು. 100 ಎಂಬಿಪಿಎಸ್‌ಗೆ ನಾಲ್ಕೇ ಸಾಕಾಗುವುದರಿಂದ, ಉಳಿದವುಗಳಲ್ಲಿ ಒಂದು ತಪ್ಪಿದರೂ ನೆಟ್ ನಡೆಯುತ್ತಲೇ ಇರುತ್ತದೆ, ಆದರೆ ವೇಗ ಏಕೆ ಕುಸಿಯಿತೆಂದು ಮಾತ್ರ ಗೊತ್ತಾಗುವುದಿಲ್ಲ. ಹೊಸದನ್ನೇ ಕೊಳ್ಳಿ. ಗುಡುಗು ಸಿಡಿಲಿನ ಸಂಜೆ ಗೋಡೆಯಿಂದ ಕೇಬಲ್ ಕಿತ್ತಿಡಲು ತಂಗಿಗೆ ಹೇಳಿ.